ತಲೆಯ ಮೇಲೆ ಹೊತ್ತು ಮಾರಿದ ಪ್ರೇಮಕಥೆಗಳು

ಈಚೆಗೆ ಕಬ್ಬಿನ ಬೆಳೆಯ ಬಗ್ಗೆ ವರದಿ ಮಾಡಲೆಂದು ತುಕ್ಕಾನಟ್ಟಿಗೆ ಹೋಗಿದ್ದೆ. ಗೋಕಾಕ-ಮೂಡಲಗಿ ಸೀಮೆಯ ಈ ಊರು ಹೊರಗಿನವರಿಗೆ ಗೊತ್ತಿರುವುದು ಹೆಚ್ಚಾಗಿ ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದಿಂದ. ಕೆಲಸ ಮುಗಿಸಿ, ಗೋಕಾಕದ ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಕುಳಿತಿದ್ದಾಗ ತರುಣನೊಬ್ಬ ಬಂದು ನಮಸ್ಕಾರ ಹೇಳಿ, ಚೀಲದಿಂದ ಒಂದು ಪುಸ್ತಕ ತೆಗೆದು ಕೈಗಿತ್ತ. ಅವನೇ ಬರೆದ ಪ್ರೇಮ ಕಾದಂಬರಿ. ಪ್ರಕಾಶಕರು ಯಾರೆಂದು ನೋಡಿದರೆ ಅಲ್ಲಿಯೂ ಅವನದೇ ಹೆಸರು.

‘ಬರದೇನ್ರಿ ಸರ, ಅಚ್ಚೂ ಹಾಕಿಸೇನಿ. ಈಗ ಇದನ್ನ ಓದಾವ್ರನ್ನ ಹುಡುಕೋದು ಹೆಂಗ್ರಿ?’ ಎಂದು ಕೇಳಿದ. ಉಳಿದ ಪ್ರತಿಗಳೆಲ್ಲ ಮನೆಯಲ್ಲಿ ಮಂಚದ ಕೆಳಗೆ ಗಂಟು ಬಿಚ್ಚದೆಯೇ ಇವೆಯಂತೆ.

ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಬಸ್ಸಿನಲ್ಲಿ ಕುಳಿತ ಮೇಲೆ, ಇದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಉತ್ತರ ಕರ್ನಾಟಕದ ಒಬ್ಬ ಶಾಲಾ ಶಿಕ್ಷಕರು ತಮಗೇ ಹಾಕಿಕೊಂಡಿದ್ದರು ಎಂಬುದು ನೆನಪಾಯಿತು. ಅವರು ಕಂಡುಕೊಂಡ ಉತ್ತರ ಬಹಳ ಸರಳ. ಗಂಟನ್ನು ಮಂಚದ ಕೆಳಗಿನಿಂದ ತೆಗೆದು ತಲೆಯ ಮೇಲಿಟ್ಟುಕೊಂಡರು.

ಅವರು ವೆಂಕಟೇಶ ತಿರಕೋ ಕುಳಕರ್ಣಿ. ಈ ಹೆಸರಿನಿಂದ ಅವರನ್ನು ಗುರುತಿಸುವವರು ಕಡಿಮೆ. ಹುಟ್ಟಿದೂರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಅವರು ‘ಗಳಗನಾಥ’ರೆಂದೇ ಪ್ರಸಿದ್ಧರು. ಈಗಿನ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಊರಿದೆ. ಅಲ್ಲಿಯ ಗಳಗೇಶ್ವರ ದೇವಾಲಯವನ್ನು ನೋಡಲು ಬರುವವರಿದ್ದಾರೆ. ಅದೇ ಊರಿನಲ್ಲಿ 1869ರಲ್ಲಿ ಹುಟ್ಟಿದ ಈ ಮನುಷ್ಯ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಮಾಸ್ತರರಾದರು. ಮುಂದೆ ಮಾಸ್ತರಿಕೆಯನ್ನು ಬಿಟ್ಟು ಬರವಣಿಗೆಯನ್ನೇ ನೆಚ್ಚಿದರು. 1898ರ ‘ಪ್ರಬುದ್ಧ ಪದ್ಮನಯನೆ’ಯಿಂದ ತೊಡಗಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪಠ್ಯಪುಸ್ತಕಗಳಲ್ಲಿ ‘ಕನ್ನಡ ಕಾದಂಬರಿಯ ಪಿತಾಮಹ’ ಎಂದು ಒಂದು ಸಾಲಿನಲ್ಲಿ ಮುಗಿದುಹೋಗುವ ಹೆಸರು ಅದು.

‘ಪಿತಾಮಹ’ ಎಂದ ಕೂಡಲೇ ಗಡ್ಡ ಬಿಟ್ಟ, ಗಂಭೀರ ಮುಖದ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಇವರ ಕಾದಂಬರಿಗಳ ಹೆಸರುಗಳನ್ನೊಮ್ಮೆ ಓದಿ ನೋಡಿ: ಪದ್ಮನಯನೆ, ಕಮಲಕುಮಾರಿ, ಕುಮುದಿನಿ, ಮೃಣಾಲಿನಿ. ಈ ಹೆಸರುಗಳ ಕಾದಂಬರಿಗಳು ಇವತ್ತು ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿದ್ದರೂ ಯಾರೂ ಆಶ್ಚರ್ಯಪಡಲಾರರು. ಇತಿಹಾಸ, ಪುರಾಣ, ನೀತಿ ಎಲ್ಲವೂ ಅವರ ಪುಸ್ತಕಗಳಲ್ಲಿ ಇವೆ, ನಿಜ. ಆದರೆ ಓದುಗನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವುದು ಒಬ್ಬ ಹೆಣ್ಣಿನ ಕಥೆ, ಅವಳ ಪ್ರೇಮ, ಅವಳಿಗೆ ಬಂದೊದಗಿದ ಸಂಕಟ.

ಓದುಗರಿಲ್ಲದ ಸೀಮೆ

ಹೀಗೇಕೆ ಎಂದು ತಿಳಿಯಲು ಆ ಕಾಲದ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಪೇಶ್ವೆಯವರ ಆಳಿಕೆಯ ಕಾಲದಿಂದ ಬೆಳಗಾವಿ, ಧಾರವಾಡ, ವಿಜಾಪುರಗಳಲ್ಲಿ ಕಚೇರಿಯ ಮಾತು, ಲೆಕ್ಕಪತ್ರ, ಮೋಡಿ ಬರಹ ಎಲ್ಲವೂ ಮರಾಠಿಯಾಗಿದ್ದವು. ಮನೆಯಲ್ಲಿ ಕನ್ನಡವಾಡುವವನು ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದ. ಡೆಪ್ಯೂಟಿ ಚನ್ನಬಸಪ್ಪನವರು, ಅವರ ಬೆನ್ನಿಗೆ ನಿಂತ ರಸೆಲ್ ಎಂಬ ಆಂಗ್ಲ ಅಧಿಕಾರಿ ಮುಂತಾದವರು 1860ರ ದಶಕದಲ್ಲಿ ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡು ದೊಡ್ಡ ಕಥೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿಕೊಂಡಿದ್ದೂ ಇದೇ ಬೇಗೆಯಿಂದ.

ಶಾಲೆಯೇನೋ ಬಂತು. ಆದರೆ ಶಾಲೆ ಬಿಟ್ಟ ಮೇಲೆ ಓದುವುದೇನನ್ನು? ರಾತ್ರಿ ಊಟವಾದ ಮೇಲೆ ಕಂದೀಲಿನ ಬೆಳಕಿನಲ್ಲಿ, ಪರೀಕ್ಷೆಯ ಹಂಗಿಲ್ಲದೆ, ಬರೀ ಖುಷಿಗೆ ಓದುವ ಪುಸ್ತಕ ಬೇಕೆಂದರೆ ಮರಾಠಿಯ ಕಡೆಗೇ ಕೈ ಚಾಚಬೇಕಿತ್ತು. ಪುಣೆಯಲ್ಲಿ ಹರಿ ನಾರಾಯಣ ಆಪ್ಟೆಯವರು (1864-1919) ಆಗ ಮರಾಠಿ ಓದುಗರನ್ನು ಸೆರೆಹಿಡಿದಿದ್ದರು. 1890ರಲ್ಲಿ ತಾವೇ ಆರಂಭಿಸಿದ ‘ಕರಮಣೂಕ’ ವಾರಪತ್ರಿಕೆಯಲ್ಲಿ ಅವರು ಕಾದಂಬರಿಗಳನ್ನು ಕಂತುಕಂತಾಗಿ ಬರೆಯುತ್ತಿದ್ದರು. ‘ಕರಮಣೂಕ’ ಎಂದರೆ ಮನರಂಜನೆ. ಬೆಳಗಾವಿ ಸೀಮೆಯ ಕನ್ನಡ ಮನೆಗಳಲ್ಲೂ ಮುಂದಿನ ಕಂತಿಗಾಗಿ ಕಾಯುವವರಿದ್ದರೆ ಅಚ್ಚರಿಯೇನಿಲ್ಲ. ಅಲ್ಲಿ ಮರಾಠಿ ಬಾರದ ಅಕ್ಷರಸ್ಥರೇ ಅಪರೂಪವಾಗಿದ್ದರು.

ಗಳಗನಾಥರ ಎದುರಿಗಿದ್ದ ಸಮಸ್ಯೆ ಇದು. ಕನ್ನಡದಲ್ಲಿ ಓದುವ ಚಟವನ್ನೇ ಹುಟ್ಟಿಸಬೇಕಿತ್ತು. ಚಟ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಉಪದೇಶದಿಂದ ಚಟ ಹತ್ತುವುದಿಲ್ಲ. ಕಥೆಯಿಂದ, ಅದರಲ್ಲೂ ‘ಮುಂದೇನಾಯಿತು’ ಎಂದು ನಿದ್ದೆಗೆಡಿಸುವ ಪ್ರೇಮಕಥೆಯಿಂದ ಹತ್ತುತ್ತದೆ.

ಹೆಸರು ಬದಲಿಸಿದ ಜಾಣ್ಮೆ

ಅವರು ಬರೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಿದರೆ ಸ್ವಾರಸ್ಯವಾದ ಸಂಗತಿಗಳು ಕಾಣುತ್ತವೆ. ಅವರ ಹಲವು ಕಾದಂಬರಿಗಳು ಸ್ವಂತ ಕಲ್ಪನೆಯವಲ್ಲ. ಆಪ್ಟೆಯವರ ಮರಾಠಿ ಕಾದಂಬರಿಗಳ ರೂಪಾಂತರಗಳು. ಇದನ್ನೇ ಮುಂದೆ ಮಾಡಿ ಅವರನ್ನು ಬರೀ ಅನುವಾದಕರೆಂದು ಬದಿಗೆ ಸರಿಸಿದವರೂ ಉಂಟು. ಆದರೆ ಅನುವಾದಕ ಹೆಸರನ್ನು ಮುಟ್ಟುವುದಿಲ್ಲ. ಗಳಗನಾಥರು ಮೊದಲು ಮುಟ್ಟುತ್ತಿದ್ದುದೇ ಹೆಸರನ್ನು.

1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡವನ್ನು ಗೆದ್ದು ಪ್ರಾಣ ಬಿಟ್ಟ ಪ್ರಸಂಗ ಮರಾಠರಿಗೆ ಮೈ ನವಿರೇಳಿಸುವಂಥದು. ಅದರ ಮೇಲೆ ಆಪ್ಟೆಯವರು ಬರೆದ ಕಾದಂಬರಿಯ ಹೆಸರಿನ ಅರ್ಥ ‘ಕೋಟೆ ಬಂತು, ಆದರೆ ಸಿಂಹ ಹೋಯಿತು’ ಎಂದು. ಅಲ್ಲಿ ಸಿಂಹ ಎಂದರೆ ತಾನಾಜಿ. ಗಳಗನಾಥರು ಅದನ್ನು ಕನ್ನಡಕ್ಕೆ ತಂದಾಗ ಕೋಟೆಯನ್ನೂ ಬಿಟ್ಟರು, ಸಿಂಹವನ್ನೂ ಬಿಟ್ಟರು. ಆ ಕಥೆಯಲ್ಲಿ ಸಹಗಮನಕ್ಕೆ ಹೊರಟ ರಜಪೂತ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳನ್ನು ಬಲಾತ್ಕಾರದಿಂದ ತನ್ನವಳನ್ನಾಗಿ ಮಾಡಿಕೊಳ್ಳಲು ಹವಣಿಸುವ ಉದಯಭಾನು ಇದ್ದಾನೆ. ಕನ್ನಡದ ಪುಸ್ತಕಕ್ಕೆ ಆ ಹೆಣ್ಣಿನ ಹೆಸರೇ ಬಂತು: ‘ಕಮಲಕುಮಾರಿ’. ತಾನಾಜಿ ಮರಾಠರ ಸಿಂಹವಿರಬಹುದು, ಆದರೆ ಹಾವೇರಿಯ ಓದುಗನಿಗೆ ಅವನು ದೂರದವನು. ಸಂಕಟದಲ್ಲಿ ಸಿಕ್ಕ ಹೆಣ್ಣು ಯಾರಿಗೂ ದೂರದವಳಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ದೊಡ್ಡದು. ವಿಜಯನಗರದ ಪತನವನ್ನು ಕುರಿತು ಆಪ್ಟೆಯವರು ಬರೆದ ಕಾದಂಬರಿ ‘ವಜ್ರಾಘಾತ’. ಗಳಗನಾಥರ ಕೈಯಲ್ಲಿ ಅದು ‘ಕನ್ನಡಿಗರ ಕರ್ಮಕಥೆ’ಯಾಯಿತು. ವಜ್ರಾಘಾತ ಎಂದರೆ ಆಕಾಶದಿಂದ ಬಂದೆರಗುವ ಸಿಡಿಲು, ಅದಕ್ಕೆ ಯಾರೂ ಹೊಣೆಯಲ್ಲ. ಕರ್ಮಕಥೆ ಹಾಗಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ, ಅಲ್ಲಿ ಹೊಣೆ ನಮ್ಮದೇ. ಒಂದೇ ಪದ ಬದಲಿಸಿ ಮರಾಠಿಯ ಕಥೆಯೊಂದನ್ನು ಕನ್ನಡಿಗರ ಮನೆಯ ದುಃಖವನ್ನಾಗಿ ಮಾಡಿದರು. ಮದ್ರಾಸು, ಮುಂಬಯಿ, ಹೈದರಾಬಾದು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಜನಕ್ಕೆ ‘ಕನ್ನಡಿಗರು’ ಎಂದು ಒಟ್ಟಿಗೆ ಕೂಗಿ ಕರೆದ ಹೆಸರು ಅದು. ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಹೊರತಂದದ್ದು 1917ರಲ್ಲಿ. ಇತಿಹಾಸದ ಪುಸ್ತಕ ಓದುವ ಕೆಲವರಿಗೆ ಆಲೂರರು ಹೇಳಿದ್ದನ್ನು, ಕಥೆ ಓದುವ ಹಲವರಿಗೆ ಗಳಗನಾಥರು ಹೇಳಿದರು ಎನ್ನಬಹುದು.

ಈ ಕರ್ಮಕಥೆಯ ತಿರುಳೂ ಒಂದು ಪ್ರೇಮವೇ. ತರುಣ ರಾಮರಾಯನಿಗೆ ಮೆಹರ್ಜಾನ್ ಎಂಬ ಮುಸ್ಲಿಂ ಯುವತಿಯ ಮೇಲೆ ಪ್ರೇಮ. ಅಧಿಕಾರದ ಆಸೆಯಲ್ಲಿ ಅವಳನ್ನು ಕೈಬಿಡುತ್ತಾನೆ. ಆಕೆಯ ಮಗ ರಣಮಸ್ತಖಾನ ಬೆಳೆದು ದೊಡ್ಡವನಾಗಿ, ತಂದೆಯೆಂದು ತಿಳಿಯದೆಯೇ ರಾಮರಾಯನ ಎದುರು ನಿಲ್ಲುತ್ತಾನೆ. ಒಂದು ಸಾಮ್ರಾಜ್ಯ ಮುಳುಗಿದ್ದಕ್ಕೆ ಕೈಬಿಟ್ಟ ಹೆಣ್ಣಿನ ಕಣ್ಣೀರು ಕಾರಣವಾಗುತ್ತದೆ.

ಓದಲು ಇದು ಬಲು ರೋಚಕ. ಆದರೆ ಇತಿಹಾಸವಲ್ಲ ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1565ರ ಜನವರಿಯಲ್ಲಿ ಕೃಷ್ಣೆಯ ಬಳಿ ನಡೆದ, ನಾವು ತಾಳಿಕೋಟೆಯ ಯುದ್ಧವೆಂದೂ ರಕ್ಕಸತಂಗಡಿಯ ಯುದ್ಧವೆಂದೂ ಕರೆಯುವ ಆ ಕಾಳಗದ ಹಿಂದೆ ದಖ್ಖನಿನ ರಾಜಕಾರಣದ ದೀರ್ಘ ಲೆಕ್ಕಾಚಾರವಿತ್ತು. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಬಂದ ರಾಮರಾಯನ ನೀತಿ, ಕೊನೆಗೆ ಅವರೆಲ್ಲ ಒಂದಾದದ್ದು, ರಾಯಚೂರು ದೋಆಬದ ಕೋಟೆಗಳ ಮೇಲಿನ ಹಕ್ಕು—ಇವೆಲ್ಲ ಸೇರಿ ಆದದ್ದು ಅದು. ಕಾದಂಬರಿ ಇದನ್ನೆಲ್ಲ ಒಂದು ಮನೆತನದ ಪ್ರೇಮ-ದ್ವೇಷದ ಗಾತ್ರಕ್ಕೆ ಇಳಿಸಿತು. ಇತಿಹಾಸವನ್ನು ಕಾದಂಬರಿಯಿಂದಲೇ ಕಲಿತ ಓದುಗರು ಎಷ್ಟೋ ಕಾಲ ಇದನ್ನೇ ಇತಿಹಾಸವೆಂದು ನಂಬಿದ್ದರೆ ಆ ತಪ್ಪಿನಲ್ಲಿ ಲೇಖಕರಿಗೂ ಪಾಲಿದೆ. ಓದುಗರನ್ನು ಗೆಲ್ಲಲು ತೆತ್ತ ಬೆಲೆ ಅದು. ನನ್ನ ಮಟ್ಟಿಗೆ ಅದು ಸಣ್ಣ ಬೆಲೆಯೇನಲ್ಲ.

ಅನುವಾದಕರೆಂಬ ಆಕ್ಷೇಪಕ್ಕೆ ಅವರೇ ಕೊಟ್ಟ ಉತ್ತರ 1923ರ ‘ಮಾಧವ ಕರುಣಾ ವಿಲಾಸ’. ಅದು ವಿಜಯನಗರದ ಪತನದ ಕಥೆಯಲ್ಲ, ಸ್ಥಾಪನೆಯ ಕಥೆ. ಅದರ ಕೇಂದ್ರದಲ್ಲಿ ಮಾಧವ, ಎಂದರೆ ವಿದ್ಯಾರಣ್ಯರಿದ್ದಾರೆ. ಇದು ಸ್ವತಂತ್ರ ಕೃತಿ. ಸಾಮ್ರಾಜ್ಯ ಮುಳುಗಿದ ಕಥೆಯನ್ನು ಬೇರೆ ಭಾಷೆಯಿಂದ ತಂದ ಲೇಖಕರು ಅದನ್ನು ಕಟ್ಟಿದ ಕಥೆಯನ್ನು ಸ್ವಂತವಾಗಿ ಬರೆದರು.

ಬರವಣಿಗೆಯ ಧಾಟಿಯ ಬಗ್ಗೆಯೂ ಒಂದು ಮಾತು. ಆ ಕಾಲದ ಕಾದಂಬರಿಗಳು ನಡುನಡುವೆ ನಿಂತು ‘ವಾಚಕರೇ’ ಎಂದು ಓದುಗರನ್ನು ಮಾತನಾಡಿಸುತ್ತಿದ್ದವು. ನಮಗೀಗ ಇದು ಹಳೆಯ ಕಾಲದ್ದೆನಿಸುತ್ತದೆ. ಆದರೆ ಇದು ಕೀರ್ತನಕಾರನ ವರಸೆ. ಗುಡಿಯ ಕಟ್ಟೆಯ ಮೇಲೆ ಪುರಾಣ ಹೇಳುವವನು ಎದುರಿಗೆ ಕುಳಿತವರ ಮುಖ ನೋಡುತ್ತ, ತೂಕಡಿಸುವವನನ್ನು ಎಚ್ಚರಿಸುತ್ತ ಕಥೆ ಹೇಳುತ್ತಾನೆ. ಆಗ ಒಂದು ಮನೆಗೆ ಬಂದ ಪುಸ್ತಕವನ್ನು ಅಕ್ಷರ ಬಲ್ಲ ಒಬ್ಬರು ಓದುತ್ತಿದ್ದರು, ಹತ್ತು ಜನ ಕೇಳುತ್ತಿದ್ದರು. ಆ ಹತ್ತು ಜನರಲ್ಲಿ ಹೆಣ್ಣುಮಕ್ಕಳೂ ಇದ್ದರು. ಹಾಗಾಗಿ ಕಾದಂಬರಿ ಕಿವಿಗೆ ಹಿಡಿಸಬೇಕಿತ್ತು, ಜೊತೆಗೆ ಅತ್ತೆ-ಮಾವಂದಿರ ಎದುರು ಗಟ್ಟಿಯಾಗಿ ಓದಬಹುದಾದಷ್ಟು ಮರ್ಯಾದೆಯಿಂದಿರಬೇಕಿತ್ತು. ಗಳಗನಾಥರ ಪ್ರೇಮ ಯಾವಾಗಲೂ ಸದ್ಧರ್ಮದ ಸೆರಗು ಹೊದ್ದುಕೊಂಡೇ ಬರುವುದಕ್ಕೆ ಅವರ ನಂಬಿಕೆ ಒಂದು ಕಾರಣವಾದರೆ, ಈ ಪಡಸಾಲೆಯ ಓದು ಇನ್ನೊಂದು ಕಾರಣ.

ಅಚ್ಚಿನ ಮನೆಯಿಂದ ಓದುಗನ ಮನೆಗೆ

ಬರೆದದ್ದನ್ನು ಅಚ್ಚು ಹಾಕಿಸುವುದು ಮುಂದಿನ ಪರದಾಟ. ಒಂದೊಂದೇ ಮೊಳೆಯನ್ನು ಹೆಕ್ಕಿ ಸಾಲು ಜೋಡಿಸಬೇಕಾದ ಕಾಲ. ಸಣ್ಣ ಮುದ್ರಣಾಲಯದಲ್ಲಿ ಇಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆಗಳಿರುತ್ತಿರಲಿಲ್ಲ. ಕೆಲವು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ ಮತ್ತೆ ಖಾನೆಗೆ ಹಾಕಿ, ಮುಂದಿನ ಪುಟಗಳನ್ನು ಜೋಡಿಸಬೇಕು. ಕಾಗದದ ಹಣ ಮೊದಲೇ ಕೊಡಬೇಕು. ಇಂಥಲ್ಲಿ ದೊಡ್ಡ ಕಾದಂಬರಿಯನ್ನು ಒಂದೇ ಸಲ ಹೊರತರುವುದಕ್ಕಿಂತ ಒಂದು ಮಾಸಪತ್ರಿಕೆ ನಡೆಸಿ, ಚಂದಾ ಹಣದ ಆಧಾರದ ಮೇಲೆ ಬರೆಯುತ್ತ ಹೋಗುವುದು ಜಾಣತನ. ಪುಣೆಯಲ್ಲಿ ಆಪ್ಟೆಯವರು ಹಿಡಿದದ್ದು ಇದೇ ದಾರಿ. ಬಾಗಿಲಕೋಟೆಯ ವಕೀಲರಾಗಿದ್ದ ಕೆರೂರು ವಾಸುದೇವಾಚಾರ್ಯರು ‘ಸಚಿತ್ರ ಭಾರತ’ ನಡೆಸಿದ್ದೂ ಇದೇ ದಾರಿಯಲ್ಲಿ.

ಹಾವೇರಿಯ ಹತ್ತಿರದ ಅಗಡಿಯಲ್ಲಿ ಶೇಷಾಚಲ ಸಾಧುಗಳ ಆನಂದವನವಿತ್ತು. ಅಲ್ಲಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು, ಗಳಗನಾಥರು ಅದರ ಜೀವಾಳವಾದರು. ಹೆಸರೇ ಹೇಳುವಂತೆ ಅದು ಸದ್ಬೋಧೆಯ ಪತ್ರಿಕೆ. ಆದರೆ ಅದು ಮನೆಮನೆಗೆ ಹೋದದ್ದು ಗಳಗನಾಥರ ಲೇಖನಿಯ ಬಲದಿಂದ. ಮುಂದೆ ಅವರು ಅಗಡಿಯನ್ನು ಬಿಟ್ಟು ಹಾವೇರಿಗೆ ಬಂದು ‘ಸದ್ಗುರು’ ಎಂಬ ಇನ್ನೊಂದು ಪತ್ರಿಕೆಯನ್ನು ನಡೆಸಿದರು.

ಅಂಚೆಯ ವ್ಹಿ.ಪಿ. ಪದ್ಧತಿ ಆಗಲೇ ಬಂದಿತ್ತು. ಪುಸ್ತಕ ಕೈಗೆ ಬಂದಾಗ ಅಂಚೆಯವನಿಗೆ ಹಣ ಕೊಟ್ಟರಾಯಿತು. ಪೇಟೆ ಊರುಗಳ ಚಂದಾದಾರರಿಗೆ ಇದು ಸರಿ. ಆದರೆ ಕನ್ನಡದಲ್ಲಿ ಕಾದಂಬರಿ ಎಂಬುದೊಂದಿದೆ ಎಂದೇ ಗೊತ್ತಿಲ್ಲದವನು ವ್ಹಿ.ಪಿ.ಗೆ ಕಾಗದ ಬರೆಯುವುದೆಲ್ಲಿಂದ ಬಂತು? ಅವನ ಹತ್ತಿರ ಪುಸ್ತಕವೇ ನಡೆದುಕೊಂಡು ಹೋಗಬೇಕಿತ್ತು. ಗಳಗನಾಥರು ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಈ ಸೀಮೆಯ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಹಳ್ಳಿಯ ಜನ ಬಳೆಗಾರನನ್ನು ನೋಡಿದ್ದರು, ಸೀರೆ ಗಂಟಿನವನನ್ನು ನೋಡಿದ್ದರು. ಕಾದಂಬರಿಯ ಗಂಟು ಹೊತ್ತ ಕಾದಂಬರಿಕಾರನನ್ನು ಅವರೇ ಮೊದಲು ನೋಡಿದ್ದು.

ಇದನ್ನು ನಾವು ಸಾಮಾನ್ಯವಾಗಿ ತ್ಯಾಗದ ಕಥೆಯೆಂದು ಹೇಳಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ತ್ಯಾಗವಿತ್ತು, ಸುಳ್ಳಲ್ಲ. ಬಾಳಿನ ಕೊನೆಗೂ ಅವರ ಕೈಯಲ್ಲಿ ಹಣ ನಿಲ್ಲಲಿಲ್ಲ. ಆದರೆ ಈ ತಿರುಗಾಟಕ್ಕೆ ಇನ್ನೊಂದು ಮುಖವಿದೆ ಎಂದು ನನಗನಿಸುತ್ತದೆ. ಮಾರುವವನಿಗೆ ಕೊಳ್ಳುವವನ ಮುಖ ಕಾಣುತ್ತದೆ. ಯಾವ ಪುಸ್ತಕವನ್ನು ಕೈಗೆತ್ತಿಕೊಂಡ, ಯಾವುದನ್ನು ತಿರುವಿ ಹಾಕಿ ಕೆಳಗಿಟ್ಟ, ಹಿಂದಿನ ಸಲ ಕೊಂಡವನು ಈ ಸಲ ‘ಅಂಥದೇ ಇನ್ನೊಂದು ಐತೇನ್ರಿ’ ಎಂದನೇ ಇಲ್ಲವೇ ಎಂಬುದೆಲ್ಲ ನೇರವಾಗಿ ತಿಳಿಯುತ್ತದೆ. ಪ್ರಕಾಶಕನ ಲೆಕ್ಕದ ಪುಸ್ತಕ ಇದನ್ನು ಹೇಳುವುದಿಲ್ಲ. ಕೋಟೆಗಿಂತ ಕಮಲಕುಮಾರಿ ಮುಖ್ಯ ಎಂಬ ಅವರ ತಿಳಿವಳಿಕೆ ಹೀಗೆ ಓದುಗರನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಬರುವಂಥದು.

ಗಳಗನಾಥರು 1942ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರು ಬಿತ್ತಿದ್ದು ಗೋಕಾಕ ಸೀಮೆಯಲ್ಲೂ ಪೈರಾಗಿತ್ತು. ಇದೇ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ‘ಆನಂದಕಂದ’ ಎಂಬ ಹೆಸರಿನಿಂದ ಬರೆದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಗೆಳೆಯರೊಂದಿಗೆ ಮನೋಹರ ಗ್ರಂಥಮಾಲೆಯನ್ನು ಕಟ್ಟಿದಾಗ ಅದರಲ್ಲಿ ಕೃಷ್ಣಶರ್ಮರೂ ಇದ್ದರು. ಮಾಲೆಯ ಮೊದಲ ಪುಸ್ತಕವೇ ಅವರ ಕಾದಂಬರಿ ‘ಸುದರ್ಶನ’. ಓದುಗರಿಂದ ಮುಂಗಡವಾಗಿ ಚಂದಾ ಪಡೆದು ಪುಸ್ತಕ ಕಳಿಸುವ ಈ ಏರ್ಪಾಡಿನಲ್ಲಿ ಗಂಟು ತಲೆಯಿಂದ ಇಳಿದು ಅಂಚೆ ಚೀಲಕ್ಕೆ ಸೇರಿತು. ಕೃಷ್ಣಶರ್ಮರು ಮುಂದೆ ‘ಜಯಂತಿ’ ಎಂಬ ತಮ್ಮದೇ ಮಾಸಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದರು. ಹಳ್ಳಿಯ ಹಾಡುಗಳನ್ನು ಹೆಕ್ಕಿ ಕೂಡಿಡುವ ಗೀಳೂ ಅವರಿಗಿತ್ತು. ಗಂಡ-ಹೆಂಡಿರ ಸರಸ-ವಿರಸದ ಮಾತು ಅವರ ಬರಹದಲ್ಲಿ ಅಷ್ಟು ಸಹಜವಾಗಿ ಬರುವುದರ ಗುಟ್ಟು ಬೀಸುಕಲ್ಲಿನ ಹಾಡುಗಳಲ್ಲಿದೆ.

ಅದೇ ತಾಲೂಕಿನ ಮಳಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರದು ಬೇರೆಯೇ ದಾರಿ. ಅವರಲ್ಲಿ ಪ್ರೇಮಕ್ಕಿಂತ ಸಿಟ್ಟು ಹೆಚ್ಚು, ಆ ಸಿಟ್ಟಿಗೆ ಕಾರಣಗಳೂ ಇದ್ದವು. ಅವರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಗಳಗನಾಥರ ನಿಜವಾದ ವಾರಸುದಾರರು ಗೋಕಾಕದಲ್ಲಿ ಶಿಕ್ಷಕರಾಗಿದ್ದ ಇನ್ನೊಬ್ಬರು. ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು. ಅವರ ಕಾಲಕ್ಕೆ ಪ್ರಕಾಶಕರಿದ್ದರು, ಬಾಡಿಗೆಗೆ ಪುಸ್ತಕ ಕೊಡುವ ವಾಚನಾಲಯಗಳಿದ್ದವು, ಲೇಖಕ ಹೊರೆ ಹೊರಬೇಕಾಗಿರಲಿಲ್ಲ. ಆದರೆ ಶಾಲೆಯ ಕೆಲಸದ ಜೊತೆಗೇ ಒಂದರ ಮೇಲೊಂದು ಕಾದಂಬರಿ ಬರೆದ ದುಡಿಮೆ ಅದೇ. ಕಥೆಯ ನಡುವೆ ಒಬ್ಬ ಹೆಣ್ಣನ್ನು ನಿಲ್ಲಿಸುವ ಪದ್ಧತಿಯೂ ಅದೇ. ವ್ಯತ್ಯಾಸವೆಂದರೆ ಕೋಟೆ-ಕೊತ್ತಲಗಳು ಹೋಗಿ ಅಡುಗೆಮನೆ, ಪಡಸಾಲೆ ಬಂದವು. ಉದಯಭಾನುವಿನ ಜಾಗದಲ್ಲಿ ಅತ್ತೆ ಬಂದಳು ಎಂದರೆ ಅತ್ತೆಯಂದಿರು ಮುನಿಯಬಾರದು. ಅವರ ‘ಧರ್ಮದೇವತೆ’ ಕಾದಂಬರಿ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವಾಯಿತು. ಮರುವರ್ಷವೇ ‘ಕುಲವಧು’ ಬಂತು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿದವರು ಅದರ ಮೂಲ ಕಥೆಯೂ ಈ ಗೋಕಾಕದ ಮಾಸ್ತರರದೇ ಎಂಬುದನ್ನು ಮರೆತಿರಬಹುದು.

ಹೀಗೆ ಲೇಖಕನ ಬೆನ್ನಿಗೆ ಪ್ರಕಾಶಕ, ವಾರಪತ್ರಿಕೆ, ಸಿನಿಮಾ ಎಲ್ಲವೂ ನಿಂತ ಕಾಲ ಒಂದಿತ್ತು. ಆಗಲೂ ಸ್ವಂತ ಪುಸ್ತಕವನ್ನು ತಾವೇ ಹೊರತಂದವರು ಇಲ್ಲದಿರಲಿಲ್ಲ. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟುಕೊಂಡಿದ್ದ ಶಿವರಾಮ ಕಾರಂತರೇ ಇದಕ್ಕೆ ದೊಡ್ಡ ಸಾಕ್ಷಿ. ಈಗ ಬಾಡಿಗೆ ಪುಸ್ತಕದ ವಾಚನಾಲಯಗಳು ಬಹುತೇಕ ಮುಚ್ಚಿವೆ, ಧಾರಾವಾಹಿ ಟಿ.ವಿ.ಗೆ ಹೋಗಿದೆ. ಅಚ್ಚು ಮಾತ್ರ ಹಿಂದೆಂದಿಗಿಂತ ಸುಲಭವಾಗಿದೆ. ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿ ನೂರು ಪ್ರತಿ ಬೇಕಾದರೂ ತೆಗೆಸಬಹುದು. ಸ್ವಂತ ಖರ್ಚಿನಲ್ಲಿ ಪುಸ್ತಕ ತಂದವರಿಗೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೇ ದೊಡ್ಡ ಆಸೆ. ಅಲ್ಲಿ ಆಯ್ಕೆಯಾದರೆ ಪುಸ್ತಕ ಕಪಾಟಿಗೇನೋ ಸೇರುತ್ತದೆ, ಓದುಗನ ಮುಖ ಲೇಖಕನಿಗೆ ಕಾಣುವುದಿಲ್ಲ.

ತುಕ್ಕಾನಟ್ಟಿಯ ತರುಣನ ಕಾದಂಬರಿಯನ್ನು ಗೋಕಾಕ ಮುಟ್ಟುವುದರೊಳಗೆ ಅರ್ಧ ಓದಿದೆ. ಕಬ್ಬಿನ ಗ್ಯಾಂಗಿನ ಜೊತೆ ಬಂದ ಹುಡುಗಿಯೊಬ್ಬಳನ್ನು ಊರಿನ ಹುಡುಗ ಪ್ರೀತಿಸುವ ಕಥೆ. ಹಂಗಾಮು ಮುಗಿದ ಮೇಲೆ ಗ್ಯಾಂಗು ಹೊರಟುಹೋಗುತ್ತದೆ. ಅಲ್ಲಲ್ಲಿ ಅಕ್ಷರದೋಷಗಳಿವೆ, ಹುಡುಗ ಬಹಳ ಅಳುತ್ತಾನೆ, ಆದರೆ ಗ್ಯಾಂಗಿನ ಗುಡಿಸಲುಗಳ ವರ್ಣನೆ ಕಣ್ಣಾರೆ ಕಂಡವನದು. ಸಂಜೆ ಅವನಿಗೆ ಫೋನ್ ಮಾಡಿ ಗಳಗನಾಥರ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೋಕಾಕದ ಲಕ್ಷ್ಮೀದೇವಿ ಜಾತ್ರಿ ಐದ ವರ್ಷಕ್ಕೊಮ್ಮೆ ಆಕ್ಕೇತ್ರಿ ಸರ. ಅಲ್ಲೀತನಕ ಕಾಯೂದಾಗೂದಿಲ್ಲ. ನಾಳೆ ಮೂಡಲಗಿ ಸಂತಿಗೆ ಹೋಗ್ತೀನಿ. ತಲೀ ಮ್ಯಾಲ ಬ್ಯಾಡ್ರಿ, ಸೈಕಲ್ ಮೋಟಾರ ಐತಿ’ ಎಂದ.